ಸುಂಕದವನ ಮುಂದೆ ಸುಖದುಃಖ: ಬೊರಿವಲಿಯಿಂದ ಕಾರವಾರದವರೆಗೆ ಸೀಮಾಸುಂಕದ ಕಾಯ್ದೆಗಳ ಒಂದು ಅವಲೋಕನ

1

ಮುಂಬಯಿಯ ಉತ್ತರದ ಉಪನಗರವಾದ ಬೊರಿವಲಿಯ ಪರಿಸರದಲ್ಲಿ ಗಡಿಯ ಚರಿತ್ರೆಗೆ ಸಂಬಂಧಪಟ್ಟ ಮೂರು ಕುರುಹುಗಳನ್ನು ಗುರುತಿಸಬಹುದು. ಮೊದಲನೆಯದು ಎಕ್ಸರ್ ಗ್ರಾಮದ ವೀರಗಲ್ಲುಗಳು. ಹಡಗುಗಳು ಸಾಲುಗಟ್ಟಿ ಕಾದಾಡುವ ದೃಶ್ಯಗಳನ್ನು ಕಂಡರಿಸಿರುವ ಈ ಕಲ್ಲುಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಉತ್ತರ ಕೊಂಕಣದ ಶಿಲಾಹಾರರ ಕಾಲಕ್ಕೆ ಸೇರಿಸುತ್ತಾರೆ. ಎರಡನೆಯದು ಮಂಡಪೇಶ್ವರದ ಗುಹಾಲಯ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯ ಕಾಲಕ್ಕೆ ಫ್ರಾನ್ಸಿಸ್ಕನ್ ಪಾದ್ರಿಗಳು ಈ ಶೈವ ಗುಹೆಯನ್ನು ಇಗರ್ಜಿಯಾಗಿ ಮಾರ್ಪಡಿಸಿಕೊಂಡರು. ಮೂರನೆಯದು ಬೊರಿವಲಿ ತಾಲೂಕಿನ ಉತ್ತರದ ಅಂಚಿನಲ್ಲಿರುವ ದಹಿಸರ್ ನಾಕೆ. ಮುಂಬಯಿ ಮಹಾನಗರಪಾಲಿಕೆ ನಗರಕ್ಕೆ ಬರುವ ಸರಕಿನ ಮೇಲೆ ಇಲ್ಲಿ ಜಕಾತಿಯನ್ನು ವಸೂಲು ಮಾಡುತ್ತಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಆ ವಸೂಲಿ ನಿಂತುಹೋಯಿತು.

ಈ ಮೂರರಲ್ಲಿ ಮೊದಲನೆಯದು ಯುದ್ಧದ ಗಡಿಯನ್ನೂ ಎರಡನೆಯದು ರಾಜ್ಯಾಧಿಕಾರದ ಗಡಿಯನ್ನೂ ಮೂರನೆಯದು ಸುಂಕದ ಗಡಿಯನ್ನೂ ನೆನಪಿಸುತ್ತವೆ. ಚರಿತ್ರಕಾರರು ಮೊದಲೆರಡನ್ನು ಕುರಿತು ಬರೆದಷ್ಟು ಮೂರನೆಯದನ್ನು ಕುರಿತು ಬರೆದಿಲ್ಲ. ಆದರೆ ಸಾಮಾನ್ಯ ಜನರ ಅನುಭವಕ್ಕೆ ಹೆಚ್ಚಾಗಿ ಬಂದದ್ದು ಈ ಮೂರನೆಯ ಗಡಿಯೇ. ಕನ್ನಡ ಜನ ಆ ಅನುಭವವನ್ನು ಒಂದು ಗಾದೆಯಲ್ಲಿ ಹಿಡಿದಿಟ್ಟಿದ್ದಾರೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ. ಸುಂಕದವನು ಕ್ರೂರಿ ಎಂದಾಗಲಿ ಲಂಚಕೋರನೆಂದಾಗಲಿ ಗಾದೆ ಹೇಳುವುದಿಲ್ಲ. ಅವನು ಕೇಳಿಸಿಕೊಳ್ಳುವುದಿಲ್ಲ ಎಂದಷ್ಟೇ ಹೇಳುತ್ತದೆ.

ಹಾಗಾದರೆ ಸುಂಕದವನು ಎದುರಿಗಿರುವವನ ಮಾತನ್ನು ಕೇಳಲೇಬೇಕೆಂಬ ಕಟ್ಟಳೆ ಯಾವಾಗ ಹುಟ್ಟಿತು? ಯಾರು ಅದನ್ನು ವಿಧಿಸಿದರು? ಅದಕ್ಕೆ ಪ್ರತಿಯಾಗಿ ಏನನ್ನು ಪಡೆದುಕೊಂಡರು? ಭಾರತದ ಸೀಮಾಸುಂಕದ ಆಡಳಿತವನ್ನು ರೂಪಿಸಿದ ಕಾಯ್ದೆಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೊರಿವಲಿಯನ್ನು ಒಳಗೊಂಡ ಸಾಲ್ಸೆಟ್ ದ್ವೀಪ ಮತ್ತು ಒಂದು ಶತಮಾನದಷ್ಟು ಕಾಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆ, ಇವೆರಡೂ ಈ ಚರಿತ್ರೆಯಲ್ಲಿ ಕಾಣಿಸಿಕೊಳ್ಳುತ್ತವೆ.

2

ಕನ್ನಡದಲ್ಲಿ ಶಾಸನವೆಂಬ ಒಂದೇ ಪದ ಕಲ್ಲಿನ ಬರಹಕ್ಕೂ ಸಲ್ಲುತ್ತದೆ, ಸಭೆಗಳು ವಿಧಿಸುವ ಕಾಯ್ದೆಗೂ ಸಲ್ಲುತ್ತದೆ. ಮೊದಲ ಅರ್ಥದ ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಹೇರಳವಾಗಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲಾಶಾಸನಗಳು ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳನ್ನು ಹೆಸರಿಸುತ್ತವೆ; ಸುಂಕವೆರ್ಗಡೆಯೆಂಬ ಅಧಿಕಾರಿಯನ್ನೂ ಉಲ್ಲೇಖಿಸುತ್ತವೆ. ದೇವಾಲಯಕ್ಕೆ ಸುಂಕದ ಉತ್ಪನ್ನವನ್ನು ಬಿಟ್ಟುಕೊಟ್ಟದ್ದು, ಇಂತಿಷ್ಟು ಹೇರಿನ ಎತ್ತುಗಳಿಗೆ ಸುಂಕ ಮಾಫಿ ಮಾಡಿದ್ದು ಇವುಗಳ ಸಾಮಾನ್ಯ ವಿಷಯ. ಯಾರು ಸುಂಕ ಕೊಡಬೇಕಿಲ್ಲ ಎಂಬುದನ್ನು ಈ ಬರಹಗಳು ಸ್ಪಷ್ಟಪಡಿಸುತ್ತವೆ. ಸುಂಕವನ್ನು ತಪ್ಪಾಗಿ ಕಿತ್ತುಕೊಂಡರೆ ಯಾರಲ್ಲಿ ದೂರು ಹೇಳಬೇಕು ಎಂಬುದನ್ನು ತಿಳಿಸುವುದು ಇಂಥ ದಾನಶಾಸನಗಳ ಉದ್ದೇಶವಾಗಿರಲಿಲ್ಲ. ವಿನಾಯಿತಿ ಅಲ್ಲಿ ಅನುಗ್ರಹವಾಗಿತ್ತೇ ಹೊರತು ಹಕ್ಕಾಗಿರಲಿಲ್ಲ.

ಈ ಬಗೆಯ ಸುಂಕ ರಾಜ್ಯದ ಅಂಚಿನಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ಘಟ್ಟದ ಬಾಯಿ, ಹೊಳೆಯ ಕಡವು, ಊರ ಬಾಗಿಲು, ಸಂತೆಯ ಮಾಳ, ಹೀಗೆ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳಿದ್ದವು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಂಥ ಸ್ಥಳನಾಮಗಳು ಅದಕ್ಕೆ ಇಂದಿಗೂ ಸಾಕ್ಷಿ. ಮೈಸೂರು ಸೀಮೆಯಲ್ಲಿ ಇದಕ್ಕೆ ಸಾಯರು ಎಂಬ ಹೆಸರಿತ್ತು. ಸಾಯರಿನ ವಸೂಲಿಯನ್ನು ಇಜಾರೆಗೆ ಕೊಡುವ ಪದ್ಧತಿಯೂ ಇತ್ತು. ಇಜಾರದಾರನು ಸರ್ಕಾರಕ್ಕೆ ಕಟ್ಟಬೇಕಾದ ಮೊತ್ತ ಮೊದಲೇ ಗೊತ್ತಾಗಿರುತ್ತಿದ್ದುದರಿಂದ ದಾರಿಹೋಕನ ಸುಖದುಃಖಕ್ಕೆ ಕಿವಿಗೊಟ್ಟರೆ ಅವನಿಗೇ ನಷ್ಟ. ಗಾದೆಯ ಹಿಂದಿರುವ ಸುಂಕದವನು ಬಹುಮಟ್ಟಿಗೆ ಈತನೇ ಇರಬೇಕು.

ಸಾಲ್ಸೆಟ್ಟಿನ ಕಡೆಗೂ ಸ್ಥಿತಿ ಭಿನ್ನವಾಗಿರಲಿಲ್ಲ. 1534ರ ವಸಾಯಿ ಒಪ್ಪಂದದಿಂದ ಈ ಪ್ರದೇಶ ಪೋರ್ಚುಗೀಸರಿಗೆ ಸೇರಿತು. 1661ರ ವಿವಾಹ ಒಪ್ಪಂದದಂತೆ ಮುಂಬಯಿ ದ್ವೀಪ ಮಾತ್ರ ಇಂಗ್ಲಿಷರಿಗೆ ದಕ್ಕಿ 1665ರಲ್ಲಿ ಅವರ ವಶಕ್ಕೆ ಬಂತು; 1668ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಸಾಲ್ಸೆಟ್ ಪೋರ್ಚುಗೀಸರಲ್ಲೇ ಉಳಿಯಿತು. ಮುಂಬಯಿಯಿಂದ ಒಳನಾಡಿಗೆ ಹೋಗುವ ಸರಕು ಠಾಣೆ ಅಥವಾ ಕರಂಜದ ಮಾರ್ಗವಾಗಿಯೇ ಸಾಗಬೇಕಾಗಿದ್ದುದರಿಂದ ಪೋರ್ಚುಗೀಸರು ಆ ಎರಡೂ ಕಡೆಗಳಲ್ಲಿ ಸುಂಕ ವಿಧಿಸಿದರು. 1669ರಿಂದ 1677ರವರೆಗೆ ಗವರ್ನರನಾಗಿದ್ದ ಜೆರಾಲ್ಡ್ ಆಂಜಿಯರನ ಕಾಲದಲ್ಲಿ ಇದು ದೊಡ್ಡ ತಕರಾರಾಯಿತು. ಎರಡು ಯುರೋಪಿನ ರಾಜ್ಯಗಳ ನಡುವಿನ ಈ ವ್ಯಾಜ್ಯವನ್ನು ಪತ್ರವ್ಯವಹಾರದಿಂದಲೋ ಬಲಪ್ರಯೋಗದಿಂದಲೋ ಬಗೆಹರಿಸಿಕೊಳ್ಳಬೇಕಾಗಿತ್ತೇ ವಿನಾ ಮೇಲ್ಮನವಿಯ ಸ್ಥಾನವೆಂಬುದು ಇರಲಿಲ್ಲ. ಮುಂದೆ ಮರಾಠರು 1737ರಲ್ಲಿ ಠಾಣೆಯನ್ನೂ 1739ರಲ್ಲಿ ವಸಾಯಿಯನ್ನೂ ಗೆದ್ದರು. 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಠಾಣೆಯ ಕೋಟೆಯನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದ ಸಾಲ್ಸೆಟ್ಟನ್ನು ಅವರಿಗೆ ಖಾಯಂ ಮಾಡಿತು.

3

19ನೆಯ ಶತಮಾನದ ಸುಂಕದ ಕಾಯ್ದೆಗಳು ಮಾಡಿದ ಮೊದಲ ಕೆಲಸವೆಂದರೆ ಸುಂಕದವನನ್ನು ದಾರಿಯಿಂದ ಎಬ್ಬಿಸಿ ದೇಶದ ಅಂಚಿಗೆ ಕಳುಹಿಸಿದ್ದು. ಬಂಗಾಳದ ಒಳನಾಡಿನ ಚೌಕಿಗಳಲ್ಲಿ ವ್ಯಾಪಾರಿಗಳೂ ಪ್ರಯಾಣಿಕರೂ ಅನುಭವಿಸುತ್ತಿದ್ದ ಕಿರುಕುಳವನ್ನು ಚಾರ್ಲ್ಸ್ ಟ್ರೆವೆಲ್ಯನ್ 1834ರ ತನ್ನ ವರದಿಯಲ್ಲಿ ವಿವರವಾಗಿ ಬಯಲಿಗೆಳೆದನು. ಸಾಗಣೆಯ ಸುಂಕ ಬಂಗಾಳದಲ್ಲಿ 1836ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ 1838ರಲ್ಲಿ, ಮದರಾಸು ಪ್ರಾಂತ್ಯದಲ್ಲಿ 1844ರಲ್ಲಿ ರದ್ದಾಯಿತು. ಮೈಸೂರಿನಲ್ಲಿ ಮಾರ್ಕ್ ಕಬ್ಬನ್ನನ ಆಡಳಿತಕಾಲದಲ್ಲಿ (1834–1861) ಸಾಯರೂ ಸೇರಿದಂತೆ ನೂರಾರು ಚಿಲ್ಲರೆ ತೆರಿಗೆಗಳನ್ನು ಕೈಬಿಡಲಾಯಿತು.

1878ನೆಯ ವರ್ಷವನ್ನು ಈ ಬದಲಾವಣೆಯ ನಿರ್ಣಾಯಕ ಘಟ್ಟವೆಂದು ಪರಿಗಣಿಸಬಹುದು. ಆ ವರ್ಷದ 8ನೆಯ ಕಾಯ್ದೆಯಾದ ಸಮುದ್ರಸುಂಕ ಕಾಯ್ದೆ ಬ್ರಿಟಿಷ್ ಭಾರತದ ಬಂದರುಗಳಿಗೆಲ್ಲ ಒಂದೇ ಕ್ರಮವನ್ನು ವಿವರವಾಗಿ ಗೊತ್ತುಪಡಿಸಿತು. ಅದೇ ವರ್ಷದ ಡಿಸೆಂಬರ್ 26ರಂದು ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ ಗೋವೆಯನ್ನು ಬ್ರಿಟಿಷ್ ಭಾರತದೊಡನೆ ಸುಂಕದ ಒಕ್ಕೂಟಕ್ಕೆ ಸೇರಿಸಿತು. ಪ್ರತಿಯಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲಬೇಕಾಗಿತ್ತು. 1879ರಲ್ಲಿ ಉತ್ತರ ಭಾರತದ ಒಳನಾಡನ್ನು ಸೀಳಿಕೊಂಡು ಹೋಗಿದ್ದ ಉಪ್ಪಿನ ಸುಂಕದ ಗಡಿಯನ್ನು ತೆಗೆದುಹಾಕಲಾಯಿತು. ಒಂದು ಕಾಲಕ್ಕೆ ಸುಮಾರು 12,000 ಜನ ಕಾಯುತ್ತಿದ್ದ, ಬಹುಭಾಗ ಮುಳ್ಳುಬೇಲಿಯಿಂದಲೇ ಆಗಿದ್ದ ಗಡಿಯದು.

ಈ ವ್ಯವಸ್ಥೆಯ ಪರಿಣಾಮ ಕನ್ನಡ ಕರಾವಳಿಯ ಮೇಲೂ ಆಯಿತು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಗಿತ್ತು. ಮಂಗಳೂರು ಮದರಾಸಿನಲ್ಲೇ ಉಳಿಯಿತು. ಹೀಗೆ ಒಂದೇ ಕರಾವಳಿ ಎರಡು ಪ್ರಾಂತ್ಯಗಳ ಸುಂಕದ ಆಡಳಿತಕ್ಕೆ ಒಳಪಟ್ಟಿದ್ದರೂ ಎರಡಕ್ಕೂ ಅನ್ವಯಿಸುತ್ತಿದ್ದ ಕಾಯ್ದೆ ಒಂದೇ ಆಗಿತ್ತು. ಗೋವೆಯೊಡನೆ ಮಾಡಿಕೊಂಡ ಒಕ್ಕೂಟ 1892ರ ಜನವರಿಯಲ್ಲಿ ಮುಗಿದುಹೋದಾಗ ಕಾರವಾರದ ಉತ್ತರಕ್ಕೆ ಸುಂಕದ ಗಡಿ ಮರಳಿ ಮೂಡಿತು. ಮರ್ಮಗೋವೆಯ ರೈಲುಮಾರ್ಗ ಘಟ್ಟ ಏರಿ ಬರುವ ಕ್ಯಾಸಲ್‌ರಾಕ್ ಈ ಗಡಿಯ ಪ್ರಸಿದ್ಧ ತಪಾಸಣೆಯ ಠಾಣೆಯಾಯಿತು.

4

1878ರ ಕಾಯ್ದೆಯ ಎರಡನೆಯ ಕೆಲಸ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು. ಸುಂಕದ ಅಧಿಕಾರಿಗೆ ಈ ಕಾಯ್ದೆ ವಿಶಾಲವಾದ ಅಧಿಕಾರ ಕೊಟ್ಟಿತು. ಜೊತೆಗೆ ಕೆಲವು ಕಡೆ ಅವನು ಉತ್ತರ ಹೇಳಲೇಬೇಕಾದ ಸಂದರ್ಭಗಳನ್ನೂ ಗೊತ್ತುಪಡಿಸಿತು. 170ನೆಯ ಕಲಮಿನಂತೆ, ಮೈಮೇಲಿನ ತಪಾಸಣೆಗೆ ಒಳಗಾಗುವವನು ಅದಕ್ಕೆ ಮೊದಲು ತನ್ನನ್ನು ಮ್ಯಾಜಿಸ್ಟ್ರೇಟನ ಅಥವಾ ಸುಂಕದ ಕಲೆಕ್ಟರನ ಎದುರಿಗೆ ಕರೆದೊಯ್ಯಬೇಕೆಂದು ಕೇಳಬಹುದಾಗಿತ್ತು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕಾಗಿತ್ತು. 181ನೆಯ ಕಲಮಿನಂತೆ, ಸರಕನ್ನು ಜಪ್ತಿ ಮಾಡಿದಾಗ ಅಥವಾ ಯಾರನ್ನಾದರೂ ಹಿಡಿದಾಗ, ಅವರು ಕೇಳಿದರೆ ಅಧಿಕಾರಿ ಅದರ ಕಾರಣವನ್ನು ಬರಹದಲ್ಲಿ ಕೊಡಬೇಕಾಗಿತ್ತು. 188ನೆಯ ಕಲಮು ಮೂರು ತಿಂಗಳೊಳಗೆ ಮೇಲಧಿಕಾರಿಗೆ ಮನವಿ ಸಲ್ಲಿಸುವ ಅವಕಾಶವನ್ನೂ 191ನೆಯದು ಸರ್ಕಾರದ ಪುನರ್ವಿಮರ್ಶೆಯನ್ನೂ ಒದಗಿಸಿದವು.

ಕೇಳಿದರೆ ಎಂಬ ಮಾತು ಇಲ್ಲಿ ಮುಖ್ಯ. ಕೇಳುವ ಹಕ್ಕಿದೆಯೆಂದು ತಿಳಿಯದವನಿಗೆ ಕಾರಣ ದೊರೆಯುತ್ತಿರಲಿಲ್ಲ. ಸರಕನ್ನು ಹಿಡಿದವನು, ತೀರ್ಪು ಕೊಟ್ಟವನು, ಮನವಿ ಆಲಿಸಿದವನು ಮೂವರೂ ಒಂದೇ ಇಲಾಖೆಯವರು ಎಂಬುದನ್ನೂ ಮರೆಯುವಂತಿಲ್ಲ. ಆದರೂ ಸುಂಕದವನ ಮೌನಕ್ಕೆ ಕಾಯ್ದೆಯ ಪುಟದಲ್ಲಿ ಒಂದು ಮಿತಿ ಬಿದ್ದದ್ದು ಸಣ್ಣ ಸಂಗತಿಯಲ್ಲ.

ಕಾಯ್ದೆಯ ದಾರಿ ಕಾಣದಿದ್ದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಮುಂಬಯಿ ಪ್ರಾಂತ್ಯದ್ದೇ ಆದ ವೀರಮ್‌ಗಾಮದ ಪ್ರಸಂಗ ಉತ್ತಮ ನಿದರ್ಶನ. ಬ್ರಿಟಿಷ್ ಪ್ರದೇಶಕ್ಕೂ ಕಾಠಿಯಾವಾಡದ ಸಂಸ್ಥಾನಗಳಿಗೂ ನಡುವೆ ಅಲ್ಲಿ ಸುಂಕದ ಗಡಿಯಿತ್ತು. 1915ರಲ್ಲಿ ಕಾಠಿಯಾವಾಡಕ್ಕೆ ಹೊರಟಿದ್ದ ಗಾಂಧೀಜಿಯವರಿಗೆ ವಢವಾಣದ ದರ್ಜಿ ಮೋತಿಲಾಲ್ ಪ್ರಯಾಣಿಕರ ಸಂಕಟವನ್ನು ತಿಳಿಸಿದರು. ಗಾಂಧೀಜಿ ಮುಂಬಯಿಯ ಗವರ್ನರ್ ವಿಲಿಂಗ್ಡನರನ್ನು ಕಂಡಾಗ ವಿಷಯ ಭಾರತ ಸರ್ಕಾರಕ್ಕೆ ಸೇರಿದ್ದೆಂಬ ಉತ್ತರ ಬಂತು. ಕೊನೆಗೆ ವೈಸರಾಯ್ ಚೆಮ್ಸ್‌ಫರ್ಡ್ ಕಾಗದಪತ್ರ ತರಿಸಿ ನೋಡಿದ ಮೇಲೆ 1917ರಲ್ಲಿ ಆ ಗಡಿ ಎದ್ದುಹೋಯಿತು. ಒಬ್ಬ ದರ್ಜಿಯ ದೂರು ಸಫಲವಾಗಲು ಗಾಂಧೀಜಿಯಂಥ ಮಧ್ಯಸ್ಥರೂ ಎರಡು ವರ್ಷಗಳ ಕಾಲವೂ ಬೇಕಾದವು. ಅದೇ ಗಡಿಯನ್ನು 1927ರಲ್ಲಿ ಮತ್ತೆ ಹಾಕಲಾಯಿತೆಂಬುದು ಇಂಥ ಯಶಸ್ಸಿನ ಅಸ್ಥಿರತೆಯನ್ನು ತೋರಿಸುತ್ತದೆ.

ಈ ನಡುವೆ 1924ರಲ್ಲಿ ಎರಡು ಕಾಯ್ದೆಗಳು ಬಂದವು. ಕೇಂದ್ರ ಕಂದಾಯ ಮಂಡಳಿಯ ಕಾಯ್ದೆ ಸುಂಕದ ಆಡಳಿತಕ್ಕೆ ಒಂದೇ ತಲೆಯನ್ನು ಕೊಟ್ಟಿತು. 19ನೆಯ ಕಾಯ್ದೆಯಾದ ಭೂಸುಂಕ ಕಾಯ್ದೆ ನೆಲದ ಗಡಿಗಳಿಗೂ ಸಮುದ್ರಸುಂಕದ ಕ್ರಮವನ್ನು ವಿಸ್ತರಿಸಿತು. ಪರಕೀಯ ಪ್ರದೇಶವೆಂದು ಘೋಷಿಸಿದ ಕಡೆಯಿಂದ ಬರುವ ಸರಕು ಗೊತ್ತುಪಡಿಸಿದ ದಾರಿಯಲ್ಲೇ ಬಂದು, ಗೊತ್ತುಪಡಿಸಿದ ಠಾಣೆಯಲ್ಲೇ ಪರವಾನಗಿ ಪಡೆಯಬೇಕಾಯಿತು. ದಾರಿ ತಪ್ಪಿ ಬಂದದ್ದೇ ಅಪರಾಧವಾಯಿತು. ಕಾರವಾರದ ಸೀಮೆಯಲ್ಲಿ ಬಂಧುಬಳಗ, ದೇವಸ್ಥಾನ, ಸಂತೆಗಳು ಗಡಿಯ ಎರಡೂ ಬದಿಗೆ ಹಂಚಿಹೋಗಿದ್ದವರ ಪಾಲಿಗೆ ಈ ವ್ಯಾಖ್ಯೆಯ ಭಾರವೆಷ್ಟೆಂಬುದನ್ನು ಊಹಿಸಬಹುದು.

5

ಸ್ವಾತಂತ್ರ್ಯಾನಂತರ ಸುಂಕದ ಮುಖ್ಯ ಸಮಸ್ಯೆ ಚಿನ್ನದ ಕಳ್ಳಸಾಗಣೆಯಾಯಿತು. ಪಶ್ಚಿಮ ಕರಾವಳಿ ಅದರ ಹೆಬ್ಬಾಗಿಲಾಯಿತು. ಸುಂಕದ ಗಡಿ ನೀರಿನಿಂದ ಆಕಾಶಕ್ಕೂ ಏರಿತು. ಬೊರಿವಲಿ ಇರುವ ಸಾಲ್ಸೆಟ್ ದ್ವೀಪದಲ್ಲೇ ಇರುವ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ 1949ರ ನವೆಂಬರ್ 6ರಂದು ಜೆಡ್ಡಾದಿಂದ ಬಂದ ಪ್ರಯಾಣಿಕನೊಬ್ಬನ ಬಳಿ 107.2 ತೊಲ ಚಿನ್ನ ಸಿಕ್ಕಿತು. ಸುಂಕದ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿದರು. ಆಮೇಲೆ ವಿದೇಶಿ ವಿನಿಮಯದ ಕಾಯ್ದೆಯಡಿ ಅವನ ಮೇಲೆ ಮೊಕದ್ದಮೆಯನ್ನೂ ಹೂಡಲಾಯಿತು. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸುವಂತಿಲ್ಲವೆಂಬ ಸಂವಿಧಾನದ 20ನೆಯ ವಿಧಿಯ ಆಶ್ರಯವನ್ನು ಅವನು ಬೇಡಿದನು. ಮಕ್ಬೂಲ್ ಹುಸೇನ್ ವಿರುದ್ಧ ಬೊಂಬಾಯಿ ರಾಜ್ಯ ಎಂಬ ಈ ಮೊಕದ್ದಮೆಯಲ್ಲಿ 1953ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಸುಂಕದ ಅಧಿಕಾರಿ ನ್ಯಾಯಾಲಯವೂ ಅಲ್ಲ, ನ್ಯಾಯಿಕ ಮಂಡಳಿಯೂ ಅಲ್ಲ. ಆದಕಾರಣ ಅವನ ಮುಂದೆ ನಡೆದದ್ದು ವಿಚಾರಣೆಯಲ್ಲ, ಅವನು ಕಿತ್ತುಕೊಂಡದ್ದು ಶಿಕ್ಷೆಯಲ್ಲ ಎಂಬುದು ತೀರ್ಪಿನ ಸಾರ. ಸುಂಕದವನ ಎದುರಿಗೆ ಹೇಳಿಕೊಂಡದ್ದು ಕಾನೂನಿನ ದೃಷ್ಟಿಯಲ್ಲಿ ಎಂಥದ್ದು ಎಂಬ ಪ್ರಶ್ನೆಗೆ ಗಣರಾಜ್ಯ ಕೊಟ್ಟ ಮೊದಲ ಮುಖ್ಯ ಉತ್ತರಗಳಲ್ಲಿ ಇದೂ ಒಂದು.

1955ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ತೆರಿಗೆ ವಿಚಾರಣಾ ಆಯೋಗದ ಸಲಹೆಯಂತೆ ಸೇರಿಸಿದ 178-ಎ ಕಲಮಿನ ಪ್ರಕಾರ, ಚಿನ್ನ, ವಜ್ರ ಮೊದಲಾದ ವಸ್ತುಗಳನ್ನು ಕಳ್ಳಮಾಲೆಂದು ಸಮಂಜಸವಾಗಿ ನಂಬಿ ಜಪ್ತಿ ಮಾಡಿದರೆ, ಅದು ಕಳ್ಳಮಾಲಲ್ಲವೆಂದು ರುಜುವಾತುಪಡಿಸುವ ಹೊಣೆ ಅದನ್ನು ಇಟ್ಟುಕೊಂಡವನ ಮೇಲೆ ಬಿತ್ತು. ಅಲ್ಲಿಯವರೆಗೆ ಬಾಯ್ದೆರೆದು ಹೇಳಿಕೊಳ್ಳುವುದು ಪ್ರಜೆಯ ಅವಕಾಶವಾಗಿತ್ತು. ಇನ್ನು ಮುಂದೆ ಅವನು ಹೇಳಲೇಬೇಕಾಯಿತು, ಹೇಳಿ ಒಪ್ಪಿಸಲೇಬೇಕಾಯಿತು. ಮದರಾಸಿನ ನತೆಲ್ಲಾ ಸಂಪತ್ತು ಚೆಟ್ಟಿ ಮೊಕದ್ದಮೆಯಲ್ಲಿ 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಎತ್ತಿಹಿಡಿಯಿತು.

1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿತು. ಕಾರವಾರದ ಉತ್ತರಕ್ಕಿದ್ದ ಪರಕೀಯ ಗಡಿ ಅಳಿಸಿಹೋಯಿತು. ಸುಮಾರು ಒಂದು ವರ್ಷದ ಬಳಿಕ, ಮೊರಾರ್ಜಿ ದೇಸಾಯಿಯವರು ಹಣಕಾಸಿನ ಸಚಿವರಾಗಿದ್ದಾಗ, 1962ರ 52ನೆಯ ಕಾಯ್ದೆಯಾಗಿ ಸೀಮಾಸುಂಕ ಕಾಯ್ದೆ ಅಂಗೀಕೃತವಾಯಿತು. 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಸಮುದ್ರಸುಂಕ, ಭೂಸುಂಕಗಳ ಕಾಯ್ದೆಗಳೆರಡೂ ರದ್ದಾಗಿ, ಬಂದರು, ವಿಮಾನ ನಿಲ್ದಾಣ, ನೆಲದ ಠಾಣೆ ಮೂರೂ ಒಂದೇ ಕಾಯ್ದೆಯಡಿ ಬಂದವು. 1963ರ ಇನ್ನೊಂದು ಕಾಯ್ದೆ ಹಳೆಯ ಕಂದಾಯ ಮಂಡಳಿಯನ್ನು ಎರಡಾಗಿ ವಿಭಜಿಸಿತು. 1964ರ ಜನವರಿ 1ರಿಂದ ಅಬಕಾರಿ ಮತ್ತು ಸೀಮಾಸುಂಕಕ್ಕೆ ಪ್ರತ್ಯೇಕ ಮಂಡಳಿ ಏರ್ಪಟ್ಟಿತು.

6

1962ರ ಕಾಯ್ದೆಯಲ್ಲಿ ನಮ್ಮ ಪ್ರಶ್ನೆಯ ಎರಡು ಮುಖಗಳೂ ಅಕ್ಕಪಕ್ಕದಲ್ಲೇ ಕಾಣಿಸುತ್ತವೆ. 124ನೆಯ ಕಲಮಿನ ಪ್ರಕಾರ ಸರಕನ್ನು ಮುಟ್ಟುಗೋಲು ಹಾಕುವ ಅಥವಾ ದಂಡ ವಿಧಿಸುವ ಮೊದಲು ಮಾಲಿಕನಿಗೆ ಕಾರಣಗಳನ್ನು ತಿಳಿಸಿ ನೋಟೀಸು ಕೊಡಬೇಕು. ಅವನ ಬರಹದ ಉತ್ತರ ಪಡೆಯಬೇಕು. ಅವನ ಮಾತನ್ನು ಆಲಿಸಲು ತಕ್ಕ ಅವಕಾಶ ಕೊಡಬೇಕು. ಕಾರಣ ತಿಳಿಯಲು ಮಾಲಿಕನು ಕೇಳಬೇಕಾಗಿಲ್ಲ. ತಿಳಿಸುವುದು ಅಧಿಕಾರಿಯದೇ ಹೊಣೆ. 110ನೆಯ ಕಲಮಿನ ಪ್ರಕಾರ ಜಪ್ತಿಯಾದ ಆರು ತಿಂಗಳೊಳಗೆ ನೋಟೀಸು ಬಾರದಿದ್ದರೆ, ಅವಧಿ ವಿಸ್ತರಣೆಯಾಗದ ಪಕ್ಷದಲ್ಲಿ, ಸರಕನ್ನು ಹಿಂದಿರುಗಿಸಬೇಕು. ಗಾದೆಯ ಸುಂಕದವನಿಗೆ ಕಾಯ್ದೆ ಕಿವಿಯನ್ನು ಜೋಡಿಸಿದ್ದು ಇಲ್ಲಿಯೇ ಎನ್ನಬಹುದು.

ಆದರೆ ಅದಕ್ಕೆ ಹೊಂದಿಕೊಂಡೇ ಇರುವ 123ನೆಯ ಕಲಮು 1955ರ ರುಜುವಾತಿನ ಹೊಣೆಯನ್ನು ಮುಂದುವರಿಸಿತು. 108ನೆಯ ಕಲಮು ಯಾರನ್ನಾದರೂ ಕರೆಸಿ ಹೇಳಿಕೆ ಪಡೆಯುವ ಅಧಿಕಾರವನ್ನು ನೀಡಿತು. ಸುಂಕದ ಅಧಿಕಾರಿ ಪೋಲೀಸ್ ಅಧಿಕಾರಿಯಲ್ಲವಾದ್ದರಿಂದ ಅವನ ಮುಂದಿನ ಹೇಳಿಕೆಯನ್ನು ಹೇಳಿದವನ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದೆಂದು ಸರ್ವೋಚ್ಚ ನ್ಯಾಯಾಲಯ 1968ರ ರಮೇಶ್‌ಚಂದ್ರ ಮೆಹತಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಈ ಎರಡು ಬಗೆಯ ಆಲಿಸುವಿಕೆಯ ನಡುವಣ ಅಂತರವನ್ನು ಸ್ಪಷ್ಟವಾಗಿ ಗ್ರಹಿಸಬೇಕು. 124ನೆಯ ಕಲಮಿನಡಿ ಅಧಿಕಾರಿ ಕೇಳುವುದು ಹೇಳುವವನ ರಕ್ಷಣೆಗಾಗಿ. 108ನೆಯದರಡಿ ಕೇಳುವುದು ರಾಜ್ಯದ ಪ್ರಯೋಜನಕ್ಕಾಗಿ. ಕಿವಿ ಒಂದೇ, ಉದ್ದೇಶ ಎರಡು. 1974ರಲ್ಲಿ ಬಂದ ಕಳ್ಳಸಾಗಣೆ ತಡೆಯುವ ಮುಂಜಾಗ್ರತಾ ಬಂಧನದ ಕಾಯ್ದೆ ವಿಚಾರಣೆಯಿಲ್ಲದೆಯೇ ಸೆರೆಯಲ್ಲಿಡುವ ಅಧಿಕಾರವನ್ನೂ ಇದಕ್ಕೆ ಸೇರಿಸಿತು.

ಇಲಾಖೆಯೇ ಇಲಾಖೆಯ ಮೇಲಿನ ದೂರನ್ನು ಕೇಳುವ ಹಳೆಯ ದೋಷಕ್ಕೆ ಪರಿಹಾರ ಬರಲು 104 ವರ್ಷಗಳು ಬೇಕಾದವು. 1982ರ ಅಕ್ಟೋಬರಿನಲ್ಲಿ ನ್ಯಾಯಿಕ ಸದಸ್ಯರೂ ತಾಂತ್ರಿಕ ಸದಸ್ಯರೂ ಕೂಡಿರುವ ಸ್ವತಂತ್ರ ಮೇಲ್ಮನವಿ ನ್ಯಾಯಮಂಡಳಿ ಕಾರ್ಯಾರಂಭ ಮಾಡಿತು. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್ವಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಸುಂಕದ ಅಧಿಕಾರಿ ಪೋಲೀಸನಲ್ಲವೆಂಬ ನಿಲುವನ್ನು ಉಳಿಸಿಕೊಂಡೇ, ಅವನು ಬಂಧಿಸಿದವನಿಗೆ ಬಂಧನದ ಕಾರಣ ತಿಳಿಯುವ, ತನ್ನವರಿಗೆ ಸುದ್ದಿ ಮುಟ್ಟಿಸುವ, ವಕೀಲನನ್ನು ಕಾಣುವ ರಕ್ಷಣೆಗಳು ಸಲ್ಲುತ್ತವೆಂದು ಹೇಳಿತು. 1878ರ 181ನೆಯ ಕಲಮಿನಲ್ಲಿ ಮೊಳೆತದ್ದು ಇಷ್ಟು ದೂರ ಬಂದಿದೆ.

ಗಡಿಯನ್ನು ಕಾಯುವ ಕೆಲಸವನ್ನೂ ಸುಂಕದ ಕೆಲಸವನ್ನೂ ಒಂದೇ ಸಂಸ್ಥೆಗೆ ಒಪ್ಪಿಸುವ ಪ್ರವೃತ್ತಿ 21ನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಕಂಡುಬಂದಿದೆ. ಅಮೆರಿಕ 2003ರಲ್ಲಿ, ಕೆನಡಾ 2005ರ ಕಾಯ್ದೆಯಿಂದ, ಆಸ್ಟ್ರೇಲಿಯಾ 2015ರಲ್ಲಿ ಈ ದಾರಿ ಹಿಡಿದವು. ಭಾರತ ಇವನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಗಡಿ ಭದ್ರತಾ ಪಡೆಗೆ 1968ರ ಕಾಯ್ದೆಯಿದೆ, ಕರಾವಳಿ ಕಾವಲು ಪಡೆಗೆ 1978ರ ಕಾಯ್ದೆಯಿದೆ. ಈ ಪಡೆಗಳಿಗೆ ಸುಂಕದ ಕೆಲವು ಅಧಿಕಾರಗಳನ್ನು ಅಧಿಸೂಚನೆಯ ಮೂಲಕ ಕೊಡಲಾಗಿದೆಯಾದರೂ, ನೋಟೀಸು ಕೊಟ್ಟು, ಉತ್ತರ ಪಡೆದು, ಆಲಿಸಿ ತೀರ್ಮಾನಿಸುವ ಹೊಣೆ ಸುಂಕದ ಅಧಿಕಾರಿಯದೇ ಆಗಿ ಉಳಿದಿದೆ. ಈ ಏರ್ಪಾಡನ್ನು ಕೇವಲ ಆಡಳಿತದ ಅನುಕೂಲವೆಂದು ಎಣಿಸಲಾಗದು. ತಡೆದು ನಿಲ್ಲಿಸುವವನು ಮತ್ತು ಆಲಿಸುವವನು ಬೇರೆಯಾಗಿದ್ದಷ್ಟೂ ಆಲಿಸುವಿಕೆಗೆ ಅರ್ಥ ಬರುತ್ತದೆ.

ಒಟ್ಟಿನಲ್ಲಿ, ಒಳನಾಡಿನ ಕಟ್ಟೆಗಳು ಒಂದೊಂದಾಗಿ ಅಳಿಯುತ್ತ ಬಂದು, ದಹಿಸರ್ ನಾಕೆಯ ಜಕಾತಿಯೂ 2017ರಲ್ಲಿ ನಿಂತು, ಸುಂಕ ದೇಶದ ಹೊರ ಅಂಚಿಗೆ ಸರಿದದ್ದು ಈ ಚರಿತ್ರೆಯ ಕಣ್ಣಿಗೆ ಕಾಣುವ ಭಾಗ. ಸುಂಕದವನು ಕೇಳಲೇಬೇಕಾದ ಸಂದರ್ಭಗಳು ಹೆಚ್ಚುತ್ತ ಬಂದದ್ದು, ಅದರ ಜೊತೆಯಲ್ಲೇ ಅವನ ಮುಂದೆ ಪ್ರಜೆ ಹೇಳಲೇಬೇಕಾದ ಸಂದರ್ಭಗಳೂ ಹೆಚ್ಚಿದ್ದು, ಕಾಯ್ದೆಗಳನ್ನು ಅನುಕ್ರಮವಾಗಿ ಓದಿದಾಗ ಮಾತ್ರ ತಿಳಿಯುವ ಭಾಗ. ಈ ಎರಡನೆಯದರ ಲೆಕ್ಕ ಇನ್ನೂ ಮುಗಿದಿಲ್ಲವಾದ್ದರಿಂದಲೇ ಗಾದೆ ಹಳತಾದರೂ ಬಳಕೆಯಿಂದ ಬಿದ್ದುಹೋಗಿಲ್ಲ.